ಅಂಗಮಾರಿ ಬಂದ ಹಿತ್ತಲು

ನಮ್ಮ ಸೀಮೆಯಲ್ಲಿ ಚರಿತ್ರೆಯೆಂದರೆ ಕಲ್ಲು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕಾಣಿಸಿಕೊಂಡ ಮೇಲೆ ಹೊರಗಿನ ವಿದ್ವಾಂಸರು ಇತ್ತ ಬರುವುದು ಬಹುಮಟ್ಟಿಗೆ ಆ ಕಲ್ಲನ್ನು ನೋಡುವುದಕ್ಕೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನೂ ವರ್ಷಕ್ಕೊಮ್ಮೆ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ದೇವಾನಾಂಪ್ರಿಯನೆಂದರೆ ಯಾರೆಂಬ ಪ್ರಶ್ನೆ ಆ ಬಂಡೆಯಿಂದ ಹೇಗೆ ಬಗೆಹರಿಯಿತೆಂದು ವಿವರಿಸಿ, ಬುತ್ತಿ ಬಿಚ್ಚಿ ಉಂಡು ಬರುವವನು. ಅಂಥವನು ಟೊಮ್ಯಾಟೊ ಗಿಡದ ರೋಗವನ್ನು ಹಿಡಿದು ಚರಿತ್ರೆಯ ಲೇಖನ ಬರೆಯಹೊರಟರೆ ಓದುಗರು ನಗಬಹುದು. ನಗಲಿ, ಮೊದಲು ನಾನೂ ನಕ್ಕವನೇ.

ಸಿಂಧನೂರು ತಾಲ್ಲೂಕಿನ ಸಾಲಗುಂದ ನನ್ನ ಊರು. ಮನೆಯ ಹಿಂದೆ ನಾಲ್ಕು ಮಡಿಗಳಷ್ಟು ಹಿತ್ತಲಿದೆ. ಅದು ನನ್ನ ತಾಯಿಯ ರಾಜ್ಯ. ಮೂರು ವರ್ಷದ ಹಿಂದೆ ಅಲ್ಲಿ ಮೂವತ್ತು ನಲವತ್ತು ಟೊಮ್ಯಾಟೊ ಗಿಡಗಳಿದ್ದವು. ಹುಳಿಯಾದ, ಮೈಯೆಲ್ಲ ಹೋಳುಹೋಳಾಗಿ ಉಬ್ಬಿದ, ನಮ್ಮ ಕಡೆ ‘ಜವಾರಿ ಟಮಾಟಿ’ ಎನ್ನುವ ಜಾತಿ. ದಸರೆ ಕಳೆದ ಮೇಲೆ ನಾಲ್ಕು ದಿನ ಮೋಡ ಮುಚ್ಚಿಕೊಂಡಿತು. ರಾತ್ರಿ ಜಿನುಗು ಮಳೆ, ಬೆಳಿಗ್ಗೆ ಇಬ್ಬನಿ. ಅದಾದ ಕೆಲವು ದಿನಕ್ಕೆ ಬುಡದ ಎಲೆಗಳಲ್ಲಿ ಕಂದು ಚುಕ್ಕೆಗಳೆದ್ದವು. ಒಂದೊಂದು ಚುಕ್ಕೆಯೂ ಬಳೆಯೊಳಗೆ ಬಳೆ ಇಟ್ಟ ಹಾಗೆ; ಸುತ್ತಲೂ ಹಳದಿ. ವಾರ ಕಳೆಯುವುದರೊಳಗೆ ರೋಗ ಮೊಣಕಾಲೆತ್ತರಕ್ಕೆ ಹತ್ತಿತು. ಕೆಲವು ಕಾಯಿಗಳ ತೊಟ್ಟಿನ ಬಳಿ ಕಪ್ಪು ಕುಳಿ ಬಿದ್ದಿತು.

ನಾನು ಆ ದಿನಗಳಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬರಗಾಲವನ್ನು ಕುರಿತು ಓದುತ್ತಿದ್ದೆ. ಆಲೂಗೆಡ್ಡೆಯನ್ನು ತಿಂದ ಅಂಗಮಾರಿಯೇ ಟೊಮ್ಯಾಟೊವನ್ನೂ ತಿನ್ನುತ್ತದೆಂದು ಪುಸ್ತಕ ಹೇಳಿತ್ತು. ಹಿತ್ತಲಿಗೆ ಹೋಗಿ ನೋಡಿದವನೇ, “ಯವ್ವಾ, ಎಲ್ಲಾ ಕಿತ್ತು ಸುಟ್ಟುಬಿಡಬೇಕು, ಒಂದೂ ಉಳಿಸಬಾರದು” ಎಂದು ತೀರ್ಪು ಕೊಟ್ಟೆ.

“ಗಿಡ ಸುಡಪ್ಪ, ಬ್ಯಾಡ ಅನ್ನಂಗಿಲ್ಲ,” ಎಂದಳು ಅವ್ವ. “ಕಾಯಿ ಏನ್ ಮಾಡ್ಯಾವು? ಮನ್ಯಾಗ ಒಬ್ಬರಿಗೆ ಜ್ವರ ಬಂದ್ರ ಮನಿಮಂದಿನೆಲ್ಲ ಸುಡ್ತಾರೇನು?”

ಹೀಗೆಂದು ಬುಟ್ಟಿ ತಂದು ಕುಳಿತೇಬಿಟ್ಟಳು. ನಾನು ಸಿಟ್ಟಾಗಿ ಒಳಗೆ ಬಂದೆ. ಎಂ.ಎ. ಓದಿದವನ ಮಾತು ಮನೆಯಲ್ಲಿ ನಡೆಯದಿದ್ದಾಗ ಬರುವ ಸಿಟ್ಟು ಎಂಥದೆಂದು ಬಲ್ಲವರೇ ಬಲ್ಲರು.

ಅಂಗಮಾರಿ ಎಂಬ ಪದವನ್ನು ನೋಡಿ. ಮಾರಿಯೆಂದರೆ ಊರಿಗೆ ಬರುವ ಬೇನೆ. ಆ ಬೇನೆಯ ಒಡತಿಯಾದ ದೇವತೆಯೂ ಹೌದು. ಮನುಷ್ಯರಿಗೆ ಬಂದ ಮಾರಿಯನ್ನು ಊರಾಚೆಗೆ ಕಳಿಸುವ ಪದ್ಧತಿಯುಳ್ಳ ಜನ ಗಿಡದ ಅಂಗಾಂಗವನ್ನು ಹಿಡಿದ ಬೇನೆಗೂ ಅದೇ ಹೆಸರನ್ನು ಒಪ್ಪಿಕೊಂಡರು. ನಮ್ಮ ಒಕ್ಕಲಿಗರು ಬೆಳೆಯ ರೋಗಗಳಿಗೆ ಇಟ್ಟ ಹೆಸರುಗಳೆಲ್ಲ ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳುವ ಹೆಸರುಗಳು: ಬತ್ತದ ಬೆಂಕಿ ರೋಗ, ತೆನೆಯ ಕಾಡಿಗೆ ರೋಗ, ಎಲೆಯ ಬೂದಿ ರೋಗ, ಅಡಕೆಯ ಕೊಳೆರೋಗ. ಕಾಫಿ ಗಿಡದ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಪಾಶ್ಚಾತ್ಯರು ಲ್ಯಾಟಿನ್ ಹೆಸರು ಕಟ್ಟುವಾಗ ‘ಕೊಳೆರೋಗ’ವೆಂಬ ನಮ್ಮ ಪದವನ್ನೇ ಅದರೊಳಗೆ ಸೇರಿಸಿಕೊಂಡರು. ಆದರೆ ಕಂಡದ್ದನ್ನು ಹೇಳುವ ಹೆಸರಿನಲ್ಲಿ ಒಂದು ಅಪಾಯವುಂಟು. ಒಂದೇ ತೆರನಾಗಿ ಕಾಣುವ ಎರಡು ಬೇರೆ ಬೇರೆ ಬೇನೆಗಳು ಒಂದೇ ಹೆಸರಿನೊಳಗೆ ಅಡಗಿ ಕೂರಬಹುದು. ನನ್ನ ತಪ್ಪು ಅಲ್ಲಿಯೇ ಆದುದು.

ಮರುದಿನ ಒಂದು ಎಲೆಯನ್ನು ನೋಟುಪುಸ್ತಕದಲ್ಲಿ ಇಟ್ಟುಕೊಂಡು ಹೋಗಿ, ಕೃಷಿ ಶಾಸ್ತ್ರ ಓದಿದ ಮಿತ್ರರೊಬ್ಬರಿಗೆ ತೋರಿಸಿದೆ. ಅವರು ನಕ್ಕರು. ಟೊಮ್ಯಾಟೊಗೆ ಬರುವ ಅಂಗಮಾರಿಗಳು ಎರಡು. ಮೊದಲ ಅಂಗಮಾರಿ ಆಲ್ಟರ್ನೇರಿಯವೆಂಬ ಶಿಲೀಂಧ್ರದಿಂದ ಬರುವುದು. ಬಳೆಬಳೆಯ ಚುಕ್ಕೆ ಅದರ ಗುರುತು. ಬಿಸಿಲ ಸೀಮೆಯಲ್ಲಿಯೂ ಬದುಕಬಲ್ಲದು. ಕೊನೆಯ ಅಂಗಮಾರಿ ಫೈಟಾಫ್ತೊರ ಎಂಬ ಜೀವಿಯಿಂದ ಬರುವುದು. ಅದಕ್ಕೆ ತಂಪು ಬೇಕು, ಒದ್ದೆ ಬೇಕು. ಎಲೆಗಳು ಬಿಸಿನೀರು ಹೊಯ್ದಂತೆ ಬೆಂದು ಕಪ್ಪಾಗುತ್ತವೆ, ಕಾಯಿಯ ಮೇಲೆ ಎಣ್ಣೆ ಸವರಿದಂಥ ಕಂದು ಕಲೆ ಹಬ್ಬುತ್ತದೆ, ಕೆಲವೇ ದಿನಗಳಲ್ಲಿ ತೋಟವೇ ಇಲ್ಲವಾಗುತ್ತದೆ. ಐರ್ಲೆಂಡನ್ನು ಹಾಳುಮಾಡಿದ್ದು ಈ ಎರಡನೆಯದು. ನಮ್ಮ ಹಿತ್ತಲಿಗೆ ಬಂದಿದ್ದುದು ಮೊದಲನೆಯದು. ಒಂದು ದೇಶದ ದುಃಖವನ್ನು ಇನ್ನೊಂದು ರೋಗದ ತಲೆಗೆ ಕಟ್ಟಿ, ನಾನು ಅವ್ವನ ಮೇಲೆ ಕೂಗಾಡಿದ್ದೆ.

ಆಲೂಗೆಡ್ಡೆ, ಟೊಮ್ಯಾಟೊ ಎರಡೂ ಬದನೆಯ ಕುಲದವು. ಎರಡರ ತವರೂ ಅಮೆರಿಕ ಖಂಡ. ನಾವು ಜವಾರಿಯೆಂದು ಎದೆ ತಟ್ಟಿಕೊಳ್ಳುವ ಹಣ್ಣು ಮೆಕ್ಸಿಕೋದ ಹಳೆಯ ಜನರ ತೋಟದಿಂದ ಸ್ಪೇನಿಗೆ ಹೋಗಿ, ಯೂರೋಪಿನವರ ಹಡಗು ಹತ್ತಿ ನಮ್ಮಲ್ಲಿಗೆ ಬಂದದ್ದು. ಬಂಗಾಳದವರು ಇದನ್ನು ‘ಬಿಲಿತಿ ಬೇಗುನ್’, ಎಂದರೆ ವಿಲಾಯತಿ ಬದನೆ, ಎಂದು ಕರೆದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಂಡಿಯದಲ್ಲಿ ಇದನ್ನು ಹೆಚ್ಚಾಗಿ ಬೆಳೆಯುತ್ತಿದ್ದುದು ಯೂರೋಪಿಯನ್ನರ ಊಟದ ಮೇಜಿಗಾಗಿ. ಸಂಪ್ರದಾಯಸ್ಥರ ಅಡುಗೆಮನೆಗೆ ಇದು ಬಹಳ ಕಾಲ ಹೊರಗಿನದೇ. ಇಂದಿಗೂ ಶ್ರಾದ್ಧದ ಅಡುಗೆಗೆ ಇದನ್ನು ಸೇರಿಸದ ಮನೆಗಳುಂಟು. ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕುಟುಂಬಗಳು ನೆಲೆಸಿವೆ. ವಿಲಾಯತಿ ಬದನೆಯೆಂದವರೂ ಜವಾರಿ ಟಮಾಟಿಯೆಂದವರೂ ಈಗ ಒಂದೇ ಸಂತೆಯಲ್ಲಿ ಬುಟ್ಟಿ ಇಟ್ಟು ಕೂರುತ್ತಾರೆ. ಹಣ್ಣು ಊರವನಾಗುವುದಕ್ಕೆ ಮೂರು ತಲೆಮಾರು ಸಾಕು. ಮನುಷ್ಯನಿಗೂ ಅಷ್ಟು ಸಾಕಾದರೆ ಒಳ್ಳೆಯದು.

ಹಣ್ಣು ಬಂದ ದಾರಿಯಲ್ಲಿಯೇ ಬೇನೆಯೂ ಪ್ರಯಾಣ ಮಾಡಿತು. 1845ರ ಬೇಸಗೆಯಲ್ಲಿ ಬೆಲ್ಜಿಯಮ್ಮಿನ ಆಲೂಗೆಡ್ಡೆ ಹೊಲಗಳು ಕೊಳೆತವು. ಸೆಪ್ಟೆಂಬರಿನ ಹೊತ್ತಿಗೆ ಮಾರಿ ಐರ್ಲೆಂಡನ್ನು ಮುಟ್ಟಿತು. ಅಲ್ಲಿಯ ಬಡ ಗೇಣಿದಾರರಿಗೆ ಆಲೂಗೆಡ್ಡೆ ಪಲ್ಯವಲ್ಲ, ಅನ್ನ. ಅದೂ ಬಹುಮಟ್ಟಿಗೆ ಒಂದೇ ತಳಿ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಅದರ ಹಿಂದೆ ಬಂದ ಜ್ವರಗಳಿಂದಲೂ ಸತ್ತರು. ಸುಮಾರು ಅಷ್ಟೇ ಜನ ದೇಶ ಬಿಟ್ಟು ಹಡಗು ಹತ್ತಿದರು. ಆ ವರ್ಷಗಳಲ್ಲಿಯೂ ಐರ್ಲೆಂಡಿನ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು.

ಈ ಕಥೆಯನ್ನು ಹಲವರು ಬಲ್ಲರು. ನನ್ನನ್ನು ತಡೆದು ನಿಲ್ಲಿಸಿದ್ದು ಇದರೊಳಗಿನ ಒಂದು ಸಣ್ಣ ಪ್ರಸಂಗ. 1845ರ ಅಕ್ಟೋಬರಿನಲ್ಲಿ ಪ್ರಧಾನಿ ಪೀಲ್ ಮೂವರು ವಿದ್ವಾಂಸರ ಮಂಡಲಿಯೊಂದನ್ನು ನೇಮಿಸಿದನು. ಸಸ್ಯಶಾಸ್ತ್ರಜ್ಞ ಲಿಂಡ್ಲೆ, ರಸಾಯನಶಾಸ್ತ್ರಜ್ಞರಾದ ಪ್ಲೇಫೇರ್ ಮತ್ತು ಕೇನ್. ಅವರ ಕೆಲಸ, ರೋಗ ಹಿಡಿದ ಬೆಳೆಯಲ್ಲಿ ಉಳಿಸಬಹುದಾದದ್ದನ್ನು ಉಳಿಸುವುದು. ಅವರು ಉಪದೇಶಗಳನ್ನು ಅಚ್ಚು ಹಾಕಿಸಿ ಹಂಚಿದರು. ಗೆಡ್ಡೆಗಳನ್ನು ಅಗೆದು ಒಣಗಿಸಿ, ಗಾಳಿಯಾಡುವ ಗುಂಡಿಗಳಲ್ಲಿ ಹೀಗೆ ಹೀಗೆ ಜೋಡಿಸಿಡಿ. ಕೆಟ್ಟವನ್ನು ತುರಿದು, ನೀರಿನ ತೊಟ್ಟಿಯಲ್ಲಿ ತೊಳೆದು, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ಹಿಟ್ಟನ್ನು ಒಣಗಿಸಿ, ಬೇರೆ ಹಿಟ್ಟಿನೊಡನೆ ಬೆರೆಸಿ ರೊಟ್ಟಿ ಮಾಡಿಕೊಳ್ಳಿ.

ಉದ್ದೇಶ ಕೆಟ್ಟದಲ್ಲ. ಆದರೆ ಉಪದೇಶಕ್ಕೆ ಎರಡು ಕುರುಡುಗಳಿದ್ದವು. ಬೇನೆಯ ಕಾರಣ ಅವರಿಗೆ ತಿಳಿದಿರಲಿಲ್ಲ. ಅತಿಯಾದ ತೇವವೇ ರೋಗವೆಂದು ಲಿಂಡ್ಲೆ ನಂಬಿದ್ದನು; ಒಣಗಿಸಿದರೆ ಸಾಕೆಂದುಕೊಂಡರು. ಒಳಗೇ ಬೇರೂರಿದ್ದ ಜೀವಿ, ನೋಡಲು ಚೆನ್ನಾಗಿದ್ದ ಗೆಡ್ಡೆಗಳನ್ನೂ ಗುಂಡಿಯೊಳಗೇ ಕೊಳೆಸಿತು. ಎರಡನೆಯದಾಗಿ, ತಾವು ಯಾರಿಗೆ ಹೇಳುತ್ತಿದ್ದೇವೆಂಬುದು ತಿಳಿದಿರಲಿಲ್ಲ. ಮಣ್ಣಿನ ಗುಡಿಸಲಿನಲ್ಲಿ ಒಂದು ಮಡಕೆ ಇಟ್ಟುಕೊಂಡು ಬದುಕುವವನಿಗೆ ತುರಿಮಣೆ ಎಲ್ಲಿ, ತೊಟ್ಟಿ ಎಲ್ಲಿ, ಬೆರೆಸುವ ಬೇರೆ ಹಿಟ್ಟು ಎಲ್ಲಿ? ಬೇರೆ ಹಿಟ್ಟಿದ್ದರೆ ಅವನು ಕೊಳೆತ ಗೆಡ್ಡೆಯನ್ನೇಕೆ ತುರಿಯುತ್ತಿದ್ದನು?

ಕಾರಣ ತಿಳಿಯಲು ಕಾಲ ಹಿಡಿಯಿತು. ಎಲೆಯ ಮೇಲಿನ ಬೂಷ್ಟೇ ರೋಗದ ಕಾರಣ, ಅದು ರೋಗದ ಫಲವಲ್ಲ ಎಂದು ಬರ್ಕ್ಲಿಯೆಂಬ ಇಂಗ್ಲೆಂಡಿನ ಪಾದ್ರಿ 1846ರಲ್ಲಿ ವಾದಿಸಿದನು, ಬಹುಮಂದಿ ಒಪ್ಪಲಿಲ್ಲ. ಜರ್ಮನಿಯ ಡಿ ಬಾರಿ 1861ರಲ್ಲಿ ಪ್ರಯೋಗದಿಂದ ಅದನ್ನು ಸ್ಥಾಪಿಸಿದನು. 1876ರಲ್ಲಿ ಅದಕ್ಕೆ ಫೈಟಾಫ್ತೊರ, ಎಂದರೆ ಸಸ್ಯನಾಶಕ, ಎಂದು ಹೆಸರಿಟ್ಟನು. ಅದೇ 1876ರಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟು ದಖ್ಖಣದ ಮಹಾಕ್ಷಾಮ ತೊಡಗಿತು. ಆಗ ಸಿಂಧನೂರು ನಿಜಾಮರ ರಾಜ್ಯದ ಲಿಂಗಸುಗೂರು ಜಿಲ್ಲೆಗೆ ಸೇರಿತ್ತು. ಹೊಳೆಯಾಚೆ ಇಂಗ್ಲಿಷರ ಬಳ್ಳಾರಿ. ಮದರಾಸು ಆಧಿಪತ್ಯದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಸುಮಾರು 450 ಗ್ರಾಂ, ಜೊತೆಗೆ ಬಿಡಿಗಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದನು. ಅದು ಬೆಳೆಯ ರೋಗದಿಂದ ಬಂದ ಬರವಲ್ಲ; ಆದರೆ ದೂರದಲ್ಲಿ ಕುಳಿತು ಬಡವನ ಹೊಟ್ಟೆಯನ್ನು ಅಳೆಯುವ ಬುದ್ಧಿ ಐರ್ಲೆಂಡಿನಲ್ಲಿ ಕಂಡದ್ದೇ.

ಇದಕ್ಕೆ ಎದುರಾಗಿ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಕಾರಣವಾದದ್ದೂ ಫೈಟಾಫ್ತೊರ ಕುಲದ ಜೀವಿಯೇ. ಮುಂಗಾರಿನಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುವುದನ್ನು ತಡೆಯಲು ತೋಟಿಗರು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆನೀರು ಕಾಯಿಗೆ ತಾಗಬಾರದೆಂಬ ತಿಳಿವಳಿಕೆ ಅವರಿಗೆ ಆಗಲೇ ಇತ್ತು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಮದ್ದು ಹೊಸದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಬಾರದ್ದನ್ನು ಕಂಡ ಮಿಲಾರ್ಡೆ ಎಂಬವನು 1885ರಲ್ಲಿ ಅದನ್ನು ಮದ್ದಾಗಿ ಸಾರಿದ್ದನು. ಕೋಲ್ಮನ್ನರು ಅದೇ ಬೋರ್ಡೋ ದ್ರಾವಣಕ್ಕೆ, ಮಲೆನಾಡಿನ ಮಳೆಯಲ್ಲಿ ತೊಳೆದುಹೋಗದಂತೆ, ರಾಳದ ಅಂಟು ಸೇರಿಸಿದರು. ಸುಣ್ಣ, ಮೈಲುತುತ್ತ, ರಾಳ: ಮೂರೂ ಪೇಟೆಯಲ್ಲಿ ಸಿಗುವ ಸಾಮಾನು. ಮರ ಹತ್ತುವ ಕೊನೆಗಾರರು ಊರಿನಲ್ಲಿಯೇ ಇದ್ದರು. ಮದ್ದು ಹದವಾಯಿತೇ ಎಂದು ನೋಡಲು ಉಜ್ಜಿದ ಕಬ್ಬಿಣದ ಚಾಕುವೊಂದನ್ನು ಅದ್ದಿದರೆ ಸಾಕು. ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಒಂದು ಶತಮಾನ ಕಳೆದರೂ ಅಡಕೆ ತೋಟಗಳಲ್ಲಿ ಮುಂಗಾರಿಗೆ ಮೊದಲು ಆ ನೀಲಿ ಮದ್ದು ಏರುತ್ತಲೇ ಇದೆ. ಇಲ್ಲಿ ಕಾರಣವೂ ತಿಳಿದಿತ್ತು, ಮನೆಯೂ ತಿಳಿದಿತ್ತು.

ಇದನ್ನೆಲ್ಲ ನಾನು ಆಗ ಇಷ್ಟು ಸ್ಪಷ್ಟವಾಗಿ ಯೋಚಿಸಿರಲಿಲ್ಲ. ಯೋಚಿಸುವ ಹಾಗೆ ಮಾಡಿದವನು ನಮ್ಮ ಬೀದಿಯ ಒಬ್ಬ ಹುಡುಗ. ಅವನು ಒಂದು ಎಕರೆ ಹೊಲವನ್ನು ಲಾವಣಿಗೆ ಹಿಡಿದು, ಕೈಗಡ ತಂದು ಟೊಮ್ಯಾಟೊ ಹಾಕಿದ್ದನು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಬಂದ ಮೇಲೆ ಜೋಳದ ಸೀಮೆಯಾಗಿದ್ದ ನಮ್ಮ ಸೀಮೆ ಬತ್ತದ ಸೀಮೆಯಾಯಿತು. ನೀರು ಅನ್ನವನ್ನು ತಂದಿತು; ತೇವವನ್ನು ಬಯಸುವ ರೋಗಗಳಿಗೂ ಅನುಕೂಲವಾಯಿತು. ಬತ್ತಕ್ಕೆ ಬರುವ ಒಂದು ಅಂಗಮಾರಿಯಂತೂ ಇಲ್ಲಿ ಮನೆಮಾತು. ಹುಡುಗ ಬತ್ತದ ಸಹವಾಸ ಬೇಡವೆಂದು ಕಾಯಿಪಲ್ಯಕ್ಕೆ ಇಳಿದಿದ್ದನು. ಅವನ ಹೊಲಕ್ಕೂ ಬಳೆಚುಕ್ಕೆ ಬಂದಿತ್ತು. ನನ್ನ ಬಳಿ ಬಂದನು. ನಾನು ಬೇಲಿಯ ಬಳಿ ನಿಂತು ಎರಡು ಅಂಗಮಾರಿಗಳ ವ್ಯತ್ಯಾಸ, ಐರ್ಲೆಂಡು, ಡಿ ಬಾರಿ, ಎಲ್ಲವನ್ನೂ ಹೇಳಿದೆ. ಬೆಂಗಳೂರಿನ ಬಳಿಯ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮೊದಲ ಅಂಗಮಾರಿಯನ್ನೂ ಎಲೆಮುಟುರು, ಸೊರಗು ರೋಗಗಳನ್ನೂ ತಡೆಯುವ ಅರ್ಕಾ ರಕ್ಷಕ್ ಎಂಬ ತಳಿಯನ್ನು ಬೆಳೆಸಿದ್ದಾರೆಂದೂ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, “ಖರೆ ಐತಿ ಸರ್ರ. ಅದು ಬರೋ ವರ್ಷದ ಮಾತಾತು. ಇವತ್ತು ಏನ್ ಮಾಡ್ಲಿ?” ಎಂದನು.

ನನ್ನ ಬಾಯಿ ಕಟ್ಟಿತು.

ಒಳಗಿನಿಂದ ಅವ್ವ ಉತ್ತರ ಕೊಟ್ಟಳು. “ರಾತ್ರಿಗೆ ಮತ್ತ ಮಳಿ ಬರ್ತೈತಿ ತಮ್ಮಾ. ಬಲ್ತಿದ್ದಷ್ಟು ಇವತ್ತೇ ಕಿತ್ತಿಡು. ನಾನೂ ಬರ್ತೀನಿ.”

ಆ ಸಂಜೆ ಹೊಲದಲ್ಲಿ ಏಳೆಂಟು ಜನ ಸೇರಿದೆವು. ಅವ್ವನ ಮೂರು ಗುಂಪುಗಳ ಮರ್ಮ ನನಗೆ ತಿಳಿದದ್ದು ಅಲ್ಲಿ. ಮೊದಲ ಗುಂಪು, ಕಲೆಯಿಲ್ಲದ ಬಲಿತ ಕಾಯಿ. ಬಲಿತಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಒಂದನ್ನು ಕೊಯ್ದು ನೋಡುವಳು. ಒಳಗೆ ಲೋಳೆ ತುಂಬಿ, ಬೀಜ ಕತ್ತಿಗೆ ಸಿಗದೆ ಜಾರಿದರೆ ಅಂಥ ಕಾಯಿ ಗಿಡದಿಂದ ಬಿಡಿಸಿದರೂ ಹಣ್ಣಾಗುತ್ತದೆ. ಎರಡನೆಯದು, ಕಲೆಯಿಲ್ಲದ ಎಳೆಗಾಯಿ. ಅದು ಹಣ್ಣಾಗದು, ಚಟ್ನಿಗೂ ಪಲ್ಯಕ್ಕೂ ಆದೀತು. ಮೂರನೆಯದು, ಕಲೆ ಬಿದ್ದದ್ದು. ತೊಟ್ಟಿನ ಬಳಿ ಸಣ್ಣ ಚುಕ್ಕೆಯಿದ್ದರೆ ಧಾರಾಳವಾಗಿ ಕೊಯ್ದು ತೆಗೆದು ಅಂದೇ ಬೇಯಿಸಿ ಉಣ್ಣಬಹುದು. ಉಪ್ಪಿನಕಾಯಿಗೆ ಮಾತ್ರ ಕೂಡದು. ಬೂಷ್ಟು ಹಣ್ಣಿನ ಹುಳಿಯನ್ನು ತಗ್ಗಿಸುವುದರಿಂದ, ತುಂಬಿಟ್ಟ ಭರಣಿಯಲ್ಲಿ ಬೇರೆ ವಿಷಕ್ರಿಮಿಗಳು ಬೆಳೆಯುತ್ತವೆಂದು ಶಾಸ್ತ್ರ ಹೇಳುತ್ತದೆ. ಅವ್ವ ಹೇಳಿದ್ದು, “ಕೆಟ್ಟದ್ದನ್ನ ಕೂಡಿಡಬಾರದು” ಎಂದಷ್ಟೇ.

ಬಲಿತ ಕಾಯಿಗಳನ್ನು ಒರೆಸಿ, ಒಂದರ ಮೇಲೊಂದು ಬೀಳದಂತೆ ಬತ್ತದ ಹುಲ್ಲಿನ ಮೇಲೆ ಹರಡಿ, ತಂಪಾದ ಕತ್ತಲೆಯ ಕೋಣೆಯಲ್ಲಿ ಇಟ್ಟೆವು. ಮಾವಿನಕಾಯಿಯನ್ನು ಅಡೆ ಹಾಕುವ ಕ್ರಮವೇ. ನಡುವೆ ಎರಡು ಮಾಗಿದ ಬಾಳೆಹಣ್ಣು. ಹಣ್ಣು ತಾನೇ ಹೊರಬಿಡುವ ಎಥಿಲೀನ್ ಎಂಬ ಅನಿಲ ಸುತ್ತಲಿನ ಕಾಯಿಗಳನ್ನೂ ಮಾಗಿಸುತ್ತದೆಂಬುದನ್ನು 1934ರಲ್ಲಿ ಇಂಗ್ಲೆಂಡಿನ ಗೇನ್ ಎಂಬವನು ಸೇಬಿನಲ್ಲಿ ತೋರಿಸಿದನು. ಹುಲ್ಲಿನಲ್ಲಿ ಮುಚ್ಚಿದರೆ ಹಣ್ಣಾಗುವುದೆಂಬುದು ನಮ್ಮ ಹಿರಿಯರಿಗೆ ಎಂದಿನಿಂದಲೋ ಗೊತ್ತು. ಬಿಸಿಲಿಗಿಟ್ಟರೆ ಬೇಗ ಹಣ್ಣಾದೀತೆಂದು ನಾನು ಒಂದು ಬುಟ್ಟಿಯನ್ನು ಅಟ್ಟಕ್ಕೆ ಏರಿಸಿದ್ದೆ. ಅವು ಕೆಂಪಾಗಲೇ ಇಲ್ಲ. ಅರಸಿನ ಬಣ್ಣಕ್ಕೆ ನಿಂತು ಸುಕ್ಕಿದವು. 30 ಡಿಗ್ರಿಗೆ ಮೀರಿದ ಶಾಖದಲ್ಲಿ ಟೊಮ್ಯಾಟೊದ ಕೆಂಪು ಮೂಡದೆಂದು ಆಮೇಲೆ ಓದಿದೆ.

ಉಳಿದದ್ದೆಷ್ಟು? ಹುಡುಗ ಶ್ರೀಮಂತನಾಗಲಿಲ್ಲ. ಅರ್ಧಕ್ಕೂ ಹೆಚ್ಚು ಕಾಯಿ ಮೂರನೆಯ ಗುಂಪಿಗೇ ಹೋಯಿತು. ಉಳಿದದ್ದನ್ನು ಎರಡು ವಾರ ಬುಟ್ಟಿಬುಟ್ಟಿಯಾಗಿ ಸಿಂಧನೂರಿನ ಪೇಟೆಗೆ ಒಯ್ದು ಮಾರಿ, ಲಾವಣಿಯ ಹಣವನ್ನು ತೀರಿಸಿದನು. ಕೈಗಡ ಮುಂದಿನ ಬೆಳೆಗೆ ಉಳಿಯಿತು. ಹೊಲವನ್ನು ಬಿಡಬೇಕಾಗಲಿಲ್ಲ, ಬೆಂಗಳೂರಿನ ಬಸ್ಸು ಹತ್ತಬೇಕಾಗಲಿಲ್ಲ. ಆ ವರ್ಷ ನಮ್ಮ ಬೀದಿಯಲ್ಲಿ ರೊಟ್ಟಿಯೊಡನೆ ಶೇಂಗಾ ಹಾಕಿ ಕುಟ್ಟಿದ ಹಸಿ ಟಮಾಟಿ ಚಟ್ನಿ ತಿನ್ನದ ಮನೆಯಿರಲಿಲ್ಲ.

ನನ್ನ ಪುಸ್ತಕದ ಮಾತೂ ಪೂರ್ತಿ ವ್ಯರ್ಥವಾಗಲಿಲ್ಲ. ಅವ್ವ ರೋಗದ ಗಿಡಗಳನ್ನು ತಿಪ್ಪೆಗೆ ಹಾಕಹೊರಟಾಗ ತಡೆದೆ. ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಬೇನೆ ಹೊಲಕ್ಕೆ ಮರಳುತ್ತದೆ. ಆ ಶಿಲೀಂಧ್ರ ಒಣಗಿದ ಎಲೆಯಲ್ಲಿಯೂ ಬೀಜದಲ್ಲಿಯೂ ಉಳಿಯಬಲ್ಲದು. ಹುಡುಗನ ಹೊಲದ ಗಿಡಗಳನ್ನೂ ನಮ್ಮ ಹಿತ್ತಲಿನವನ್ನೂ ಒಟ್ಟಿ ಸುಟ್ಟೆವು. ಅವಳು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದ ಜವಾರಿ ಬೀಜವನ್ನೂ ಬೆಂಕಿಗೆ ಹಾಕಬೇಕೆಂದೆ. ಬಹಳ ಹೊತ್ತು ಮಾತನಾಡದೆ ನಿಂತಳು. ಅದು ಅವಳ ತವರಿನಿಂದ ಬಂದ ಬೀಜ. ಕಡೆಗೆ ತಾನೇ ಗಂಟು ಬಿಚ್ಚಿ ಹಾಕಿದಳು. ನನಗೆ ಪಾಠ ಹೇಳಿದವಳು ಪಾಠ ಕೇಳಿದ ಹೊತ್ತು ಅದೊಂದೇ. ಬೆಲೆ ತೆತ್ತವಳೂ ಅವಳೇ.

ಆ ಮಡಿಯಲ್ಲಿ ಮೂರು ವರ್ಷ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಯಾವುದನ್ನೂ ಹಾಕಬಾರದೆಂದು ಹೇಳಿದ್ದೆ. ಮೊದಲ ವರ್ಷ ಉಳ್ಳಾಗಡ್ಡಿ, ಎರಡನೆಯ ವರ್ಷ ಮೆಂತ್ಯ, ಈ ವರ್ಷ ಪುಂಡಿ ಬೆಳೆದೆವು. ತವರೂರಿನಲ್ಲಿ ಯಾರ ಹಿತ್ತಲಲ್ಲಾದರೂ ಆ ಬೀಜ ಇನ್ನೂ ಇದೆಯೋ ಎಂದು ಅವ್ವ ವಿಚಾರಿಸಿದಳು. ಒಬ್ಬರ ಮನೆಯಲ್ಲಿ ಸಿಕ್ಕಿತು. ಚೀಟಿನಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಮೊನ್ನೆ ನಾನು ಕಾಲೇಜಿಗೆ ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದಳು:

“ಈ ದಸರಿಗೆ ಮೂರು ವರ್ಷ ತುಂಬ್ತಾವಲ್ಲ? ನಿನ್ನ ಪುಸ್ತಕದಾಗ ಇನ್ನೊಮ್ಮೆ ನೋಡು.”